ಫ್ರಾನ್ಸಿನ ಹಳ್ಳಿಗಳ ಪರದೇಶಿ ಆಳುಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಹಳ್ಳಿಗಳಲ್ಲಿ ದುಡಿದ ವಿದೇಶಿ ನಿರಾಶ್ರಿತರನ್ನು ಕುರಿತು ಈ ತಿಂಗಳು ಹಲವು ಪತ್ರಗಳು ಬಂದಿವೆ. ಎಲ್ಲವೂ ಒಂದೇ ವಿಷಯದ ಸುತ್ತಲಿನ ಪ್ರಶ್ನೆಗಳಾದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅವಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಸ್ಪೇನ್ ದೇಶವು ಎರಡನೆಯ ಮಹಾಯುದ್ಧದಲ್ಲಿ ಪಾಲ್ಗೊಳ್ಳಲಿಲ್ಲ. ಹಾಗಿದ್ದರೂ ಆ ಕಾಲದ ಫ್ರೆಂಚ್ ಹಳ್ಳಿಗಳ ಚರಿತ್ರೆಯಲ್ಲಿ ಸ್ಪೇನಿನ ಕೂಲಿಯಾಳುಗಳ ಪ್ರಸ್ತಾಪ ಪದೇ ಪದೇ ಬರುವುದೇಕೆ? (ಧಾರವಾಡದ ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿ)

ಉತ್ತರ: ಅವರು ಬಂದದ್ದು ತಮ್ಮದೇ ದೇಶದ ಅಂತರ್ಯುದ್ಧದಲ್ಲಿ ಸೋತು. 1936ರಲ್ಲಿ ಸೇನಾ ದಂಗೆಯಿಂದ ಆರಂಭವಾದ ಆ ಯುದ್ಧದ ಕೊನೆಯ ಘಟ್ಟದಲ್ಲಿ, 1939ರ ಜನವರಿ 26ರಂದು ಬಾರ್ಸಿಲೋನಾ ನಗರವು ದಂಗೆಕೋರರ ನಾಯಕ ಜನರಲ್ ಫ್ರಾಂಕೋನ ಪಡೆಗಳ ವಶವಾಯಿತು. ಗಣರಾಜ್ಯದ ಪಕ್ಷದಲ್ಲಿದ್ದ ಸೈನಿಕರು, ಅವರ ಹೆಂಡಿರು ಮಕ್ಕಳು, ವೃದ್ಧರು, ಶಾಲಾ ಮಾಸ್ತರರು, ರೈತರು ಎಲ್ಲರೂ ಕೈಗೆ ಸಿಕ್ಕಷ್ಟನ್ನು ಹೊತ್ತುಕೊಂಡು ಚಳಿಗಾಲದ ಪಿರೆನೀಸ್ ಪರ್ವತಗಳನ್ನು ದಾಟಿ ಫ್ರಾನ್ಸಿಗೆ ಬಂದರು. ಕೆಲವೇ ವಾರಗಳಲ್ಲಿ ಗಡಿ ದಾಟಿದವರ ಸಂಖ್ಯೆ ಸುಮಾರು 4.5 ಲಕ್ಷ. ಸ್ಪೇನಿನ ಹೆಸರಾಂತ ಕವಿ ಆಂತೋನಿಯೋ ಮಚಾದೋ ಕೂಡ ಆ ಗುಂಪಿನಲ್ಲಿದ್ದರು. ಗಡಿಯ ಈಚೆಗಿನ ಕೊಲ್ಯೂರ್ ಎಂಬ ಊರನ್ನು ತಲುಪಿ, 1939ರ ಫೆಬ್ರವರಿ 22ರಂದು ಅಲ್ಲಿಯೇ ತೀರಿಕೊಂಡರು.

ಫ್ರೆಂಚ್ ಸರ್ಕಾರವು ಹೆಂಗಸರು ಮಕ್ಕಳನ್ನು ಬೇರ್ಪಡಿಸಿ ರೈಲಿನಲ್ಲಿ ಒಳನಾಡಿನ ಜಿಲ್ಲೆಗಳಿಗೆ ಸಾಗಿಸಿತು. ಗಂಡಸರನ್ನು ಆರ್ಜೆಲೆಸ್, ಸೇಂತ್ ಸಿಪ್ರಿಯಾಂ ಮೊದಲಾದ ಕಡಲತೀರಗಳ ಮರಳಿನ ಮೇಲೆ ಮುಳ್ಳುತಂತಿಯ ಬೇಲಿಯೊಳಗೆ ಕೂಡಿಹಾಕಿತು. ಮೊದಲ ದಿನಗಳಲ್ಲಿ ಅಲ್ಲಿ ತಲೆಯ ಮೇಲೆ ಸೂರು ಕೂಡ ಇರಲಿಲ್ಲವಾದ್ದರಿಂದ ಜನ ಮರಳಿನಲ್ಲಿ ಗುಂಡಿ ತೋಡಿ ಮಲಗುತ್ತಿದ್ದರು. ಹಳ್ಳಿಗಳ ಹೊಲ, ಕಾಡು, ದ್ರಾಕ್ಷಿತೋಟಗಳಿಗೆ ಮುಂದೆ ಹೋದ ಆಳುಗಳಲ್ಲಿ ಬಹುಪಾಲು ಜನ ಈ ಬೇಲಿಯೊಳಗಿನಿಂದಲೇ ಹೊರಟವರು.

ಪ್ರಶ್ನೆ: ಈ ನಿರಾಶ್ರಿತರು ತಾವಾಗಿಯೇ ಕೂಲಿಗೆ ಹೋದರೇ, ಅಥವಾ ಬಲವಂತದಿಂದಲೇ? ಇದನ್ನು ನಮ್ಮ ಕಡೆಯ ಜೀತಕ್ಕೆ ಹೋಲಿಸಬಹುದೇ? (ಶಿವಮೊಗ್ಗದ ಒಬ್ಬ ನಿವೃತ್ತ ಶಿಕ್ಷಕರು)

ಉತ್ತರ: ಎರಡು ಕಾಲಘಟ್ಟಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಮೊದಲನೆಯದು ಫ್ರಾನ್ಸ್ ಸೋಲುವುದಕ್ಕೆ ಮುಂಚಿನದು. 1939ರ ಏಪ್ರಿಲ್ 12ರ ಆಜ್ಞೆಯ ಪ್ರಕಾರ, ಆಶ್ರಯ ಪಡೆದ ವಿದೇಶಿಯರಲ್ಲಿ 20ರಿಂದ 48 ವರ್ಷದೊಳಗಿನ ಗಂಡಸರು ಫ್ರೆಂಚ್ ಪ್ರಭುತ್ವಕ್ಕೆ ಸೇವೆ ಸಲ್ಲಿಸಬೇಕಿತ್ತು. ಅವರನ್ನು ತಲಾ 250 ಜನರಷ್ಟಿದ್ದ ಕಾರ್ಮಿಕ ಕಂಪನಿಗಳಾಗಿ ವಿಂಗಡಿಸಿ, ಫ್ರೆಂಚ್ ಸೇನಾಧಿಕಾರಿಗಳ ಕೈಕೆಳಗೆ ರಸ್ತೆ, ಕೋಟೆ, ಮದ್ದುಗುಂಡಿನ ಕಾರ್ಖಾನೆಗಳ ಕೆಲಸಕ್ಕೆ ಹಚ್ಚಲಾಯಿತು. ಸೆಪ್ಟೆಂಬರಿನಲ್ಲಿ ಯುದ್ಧ ಘೋಷಣೆಯಾಗಿ ಊರಿನ ಗಂಡಸರೆಲ್ಲ ಸೈನ್ಯಕ್ಕೆ ಹೊರಟಾಗ ದ್ರಾಕ್ಷಿ ಕೊಯ್ಲಿಗೂ ಬೀಟ್ ಗೆಡ್ಡೆ ಕೀಳುವುದಕ್ಕೂ ಈ ಶಿಬಿರವಾಸಿಗಳೇ ಬೇಕಾದರು. ಅದೇ ವರ್ಷದ ಫೆಬ್ರವರಿಯಲ್ಲಿ ದೇಶಕ್ಕೆ ಹೊರೆಯೆಂದು ಬರೆದಿದ್ದ ಪತ್ರಿಕೆಗಳಿಗೆ ಆ ಶರತ್ಕಾಲದಲ್ಲಿ ಅವರು ಹೊರೆಯಾಗಿ ಕಾಣಲಿಲ್ಲವೆಂದರೆ ಆಶ್ಚರ್ಯವಿಲ್ಲ.

ಎರಡನೆಯ ಘಟ್ಟ 1940ರ ಜೂನ್ 22ರ ಕದನವಿರಾಮದ ನಂತರದ್ದು. ದೇಶದ ಉತ್ತರ ಭಾಗ ಮತ್ತು ಅಟ್ಲಾಂಟಿಕ್ ಕರಾವಳಿ ಜರ್ಮನರ ವಶವಾಗಿ, ದಕ್ಷಿಣದಲ್ಲಿ ವಿಷಿ ಎಂಬ ಪಟ್ಟಣದಿಂದ ಆಳುತ್ತಿದ್ದ ಮಾರ್ಷಲ್ ಪೆತಾಂ ಅವರ ಫ್ರೆಂಚ್ ಸರ್ಕಾರ, ಅಂದರೆ ವಿಷಿ ಸರ್ಕಾರ, ಉಳಿಯಿತು. ಆ ಸರ್ಕಾರವು 1940ರ ಸೆಪ್ಟೆಂಬರ್ 27ರಂದು ‘ರಾಷ್ಟ್ರೀಯ ಆರ್ಥಿಕತೆಯಲ್ಲಿ ಹೆಚ್ಚುವರಿಯಾದ’ ವಿದೇಶಿಯರ ಬಗ್ಗೆ ಒಂದು ಕಾನೂನನ್ನು ಹೊರಡಿಸಿತು. 18ರಿಂದ 55 ವರ್ಷದೊಳಗಿನ ಯಾವ ವಿದೇಶಿ ಗಂಡಸು ತನ್ನ ದೇಶಕ್ಕೆ ಮರಳಲಾರನೋ, ಮತ್ತು ಅಧಿಕಾರಿಗಳ ದೃಷ್ಟಿಯಲ್ಲಿ ಹೆಚ್ಚುವರಿಯೋ, ಅವನನ್ನು ‘ವಿದೇಶಿ ಕಾರ್ಮಿಕರ ಗುಂಪು’ ಎಂಬ ಘಟಕಕ್ಕೆ ಸೇರಿಸಬಹುದಿತ್ತು. ಇಂಥವರಿಗೆ ಸಂಬಳವಿಲ್ಲ, ಕೆಲಸದ ಪ್ರಮಾಣಕ್ಕೆ ತಕ್ಕ ಅಲ್ಪಸ್ವಲ್ಪ ಭತ್ಯೆ ಸಿಗಬಹುದು, ಕುಟುಂಬಕ್ಕೆ ಒಂದಿಷ್ಟು ನೆರವು ದೊರೆಯಬಹುದು ಎಂದು ಕಾನೂನೇ ಹೇಳುತ್ತಿತ್ತು. ಎಷ್ಟು ದಿನ ದುಡಿಯಬೇಕೆಂಬುದಕ್ಕೆ ಮಿತಿಯಿರಲಿಲ್ಲ. ‘ಪರಿಸ್ಥಿತಿ ಬೇಡುವಷ್ಟು ಕಾಲ’ ಎಂಬುದಷ್ಟೇ ಅದರ ಆಶಯ.

ಜೀತಕ್ಕೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸವೆಂದರೆ, ಇಲ್ಲಿ ಸಾಲವಿಲ್ಲ ಮತ್ತು ಆಳು ಒಡೆಯನಿಗೆ ಸೇರಿದವನಲ್ಲ. ಅವನು ಸರ್ಕಾರಕ್ಕೆ ಸೇರಿದವನು, ರೈತ ಅವನನ್ನು ಗುಂಪಿನ ಕಚೇರಿಯಿಂದ ಒಪ್ಪಂದದ ಮೇಲೆ ಪಡೆಯುತ್ತಿದ್ದ. ಆದರೆ ಊರು ಬಿಟ್ಟು ಹೋಗಲು ಅನುಮತಿ ಬೇಕಿತ್ತು, ಕೆಲಸವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿರಲಿಲ್ಲ, ಎದುರು ಮಾತಾಡಿದವನನ್ನು ಲ ವೆರ್ನೆಯಂಥ ದಂಡನೆಯ ಶಿಬಿರಕ್ಕೆ ಕಳಿಸುವ ಬೆದರಿಕೆ ಸದಾ ಇತ್ತು. ಆದ್ದರಿಂದ ಜೀತವಲ್ಲವೆಂದು ಹೇಳಿ ಸಮಾಧಾನಪಟ್ಟುಕೊಳ್ಳುವಂಥ ವ್ಯವಸ್ಥೆಯೂ ಅದಾಗಿರಲಿಲ್ಲ.

ಪ್ರಶ್ನೆ: ಹಳ್ಳಿಯ ಜನ ಇವರನ್ನು ಹೇಗೆ ನಡೆಸಿಕೊಂಡರು? ಅವರ ದಿನನಿತ್ಯದ ಬದುಕು ಹೇಗಿತ್ತು? (ಶಿರಸಿಯ ಒಬ್ಬ ಕೃಷಿಕ ಮಹಿಳೆ)

ಉತ್ತರ: ಇದಕ್ಕೆ ಉತ್ತರಿಸುವ ಮೊದಲು ಹಳ್ಳಿಯಲ್ಲಿ ಯಾರು ಇರಲಿಲ್ಲ ಎಂಬುದನ್ನು ನೆನಪಿನಲ್ಲಿಡಬೇಕು. 1940ರ ಬೇಸಿಗೆಯ ಸೋಲಿನಲ್ಲಿ ಸುಮಾರು 18 ಲಕ್ಷ ಫ್ರೆಂಚ್ ಸೈನಿಕರು ಸೆರೆಸಿಕ್ಕರು, ಅವರಲ್ಲಿ ಸುಮಾರು 16 ಲಕ್ಷ ಜನರನ್ನು ಜರ್ಮನಿಗೆ ಒಯ್ಯಲಾಯಿತು. ಅವರಲ್ಲಿ ರೈತರ ಪಾಲು ದೊಡ್ಡದು. ಹೀಗೆ ಗಂಡನೋ ಮಗನೋ ಜರ್ಮನಿಯ ಯಾವುದೋ ಹೊಲದಲ್ಲಿ ಕೈದಿಯಾಗಿ ದುಡಿಯುತ್ತಿದ್ದಾಗ, ಅವನ ಮನೆಯ ಹೊಲವನ್ನು ಉಳಲು ಸ್ಪೇನಿನವನೋ ಆಸ್ಟ್ರಿಯಾದವನೋ ಬಂದು ನಿಲ್ಲುತ್ತಿದ್ದ. ಮನೆಯ ಯಜಮಾನಿಕೆ ಹೆಂಗಸಿನದ್ದು ಅಥವಾ ಮುದುಕ ಮಾವನದ್ದು. ಎತ್ತು ಹೂಡಬಲ್ಲ, ಹುಲ್ಲು ಕೊಯ್ಯಬಲ್ಲ ಒಬ್ಬ ಗಂಡಾಳು ಸಿಕ್ಕರೆ ಅವನು ಯಾವ ದೇಶದವನೆಂದು ಹೆಚ್ಚು ವಿಚಾರಿಸುವ ಸ್ಥಿತಿಯಲ್ಲಿ ಅವರಿರಲಿಲ್ಲ.

ಆದರೂ ಅನುಮಾನಗಳು ಇಲ್ಲದಿರಲಿಲ್ಲ. ಸ್ಪೇನಿನ ಗಣರಾಜ್ಯವಾದಿಗಳೆಂದರೆ ಚರ್ಚು ಸುಡುವ ‘ಕೆಂಪರು’ ಎಂದು ಬಲಪಂಥೀಯ ಪತ್ರಿಕೆಗಳು ವರ್ಷಗಳಿಂದ ಬರೆಯುತ್ತಿದ್ದವು. ಭಾನುವಾರ ಪೂಜೆಗೆ ಬಾರದ ಆಳನ್ನು ಕಂಡು ಕೆಲವರು ಅದನ್ನು ನಿಜವೆಂದೇ ನಂಬಿದರು. ಇನ್ನೊಂದೆಡೆ ಕ್ಯಾಟಲನ್ ಮಾತಾಡುವ ನಿರಾಶ್ರಿತನಿಗೆ ಗಡಿನಾಡಿನ ಹಳ್ಳಿಗಳಲ್ಲಿ ಭಾಷೆಯ ತೊಡಕೇ ಇರಲಿಲ್ಲ, ಏಕೆಂದರೆ ಪೆರ್ಪಿನ್ಯಾಂ ಸುತ್ತಲಿನ ರೈತರು ಮನೆಯಲ್ಲಿ ಆಡುತ್ತಿದ್ದುದೂ ಅದೇ ಭಾಷೆ. ಇನ್ನೂ ಒಳಗೆ, ಕ್ಯಾಟಲನ್‌ಗೆ ಹತ್ತಿರದ ಆಕ್ಸಿಟನ್ ಭಾಷೆಯ ಸೀಮೆಯಲ್ಲಿಯೂ ಹಳ್ಳಿಯ ಆಡುಮಾತು ಅವನ ಕಿವಿಗೆ ತೀರ ಹೊಸದಾಗಿರಲಿಲ್ಲ. ವಿಯೆನ್ನಾದ ವಕೀಲನಿಗೋ ಬರ್ಲಿನ್ನಿನ ಅಂಗಡಿಕಾರನಿಗೋ ಈ ಅನುಕೂಲವಿರಲಿಲ್ಲ; ಜೀವನದಲ್ಲಿ ಗುದ್ದಲಿ ಹಿಡಿಯದ ಕೈಗಳು ಬೇಗ ಬೊಕ್ಕೆಯೇಳುತ್ತಿದ್ದವು, ಅಂಥ ಆಳನ್ನು ಮರಳಿ ಗುಂಪಿಗೆ ಕಳಿಸಿ ಬೇರೊಬ್ಬನನ್ನು ಕೇಳುವ ಹಕ್ಕು ರೈತನಿಗಿತ್ತು. ಕೃಷಿ ಬಲ್ಲ ನಿಮಗೆ ಆ ರೈತನ ಸಿಟ್ಟೂ ಅರ್ಥವಾದೀತು.

ಊಟದ ವಿಷಯದಲ್ಲಿ ಹೊಲದ ಮನೆಯು ಶಿಬಿರಕ್ಕಿಂತ ಎಷ್ಟೋ ಮೇಲಾಗಿತ್ತು. ಪಿರೆನೀಸಿನ ತಪ್ಪಲಿನ ಗುರ್ಸ್ ಶಿಬಿರದಲ್ಲಿ ಮಳೆಗಾಲದ ಕೆಸರು, ಹಸಿವು ಮತ್ತು ರೋಗಗಳಿಗೆ ಸಿಕ್ಕಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಪಟ್ಟಣಗಳಲ್ಲಿ ಪಡಿತರ ಚೀಟಿ ಹಿಡಿದು ಸಾಲಿನಲ್ಲಿ ನಿಂತವರಿಗೂ ಸಾಕಷ್ಟು ಸಿಗುತ್ತಿರಲಿಲ್ಲ. ಹಳ್ಳಿಯಲ್ಲಿ ಆಲೂಗಡ್ಡೆ, ಹಾಲು, ಹಂದಿಕೊಬ್ಬಿನ ಸಾರು ಇದ್ದವು. ಒಮ್ಮೆ ಒಳ್ಳೆಯ ಮನೆ ಸಿಕ್ಕವನು ಅಲ್ಲಿಯೇ ಉಳಿಯಲು ಹೆಣಗುತ್ತಿದ್ದುದು ಸಹಜ.

ಎಲ್ಲರಿಗೂ ಹೊಲದ ಕೆಲಸವೇ ಸಿಗಲಿಲ್ಲ. ಪೆಟ್ರೋಲ್ ಅಭಾವದಿಂದಾಗಿ ಫ್ರಾನ್ಸಿನ ಲಾರಿ, ಬಸ್ಸುಗಳು ಕಟ್ಟಿಗೆ ಅಥವಾ ಇದ್ದಿಲಿನಿಂದ ಹುಟ್ಟುವ ಅನಿಲದ ಮೇಲೆ ಓಡುತ್ತಿದ್ದವು. ಅದಕ್ಕೆ ಬೇಕಾದ ಮರ ಕಡಿದು, ಕಾಡಿನ ನಡುವೆ ಇದ್ದಿಲು ಸುಡುವ ಕೆಲಸ ಬಹಳ ಮಟ್ಟಿಗೆ ಸ್ಪೇನಿನವರ ಪಾಲಿಗೆ ಬಂತು. ದೋರ್ದೋಞ್ ನದಿಯ ಲೇಗ್ಲ್ ಅಣೆಕಟ್ಟಿನಲ್ಲಿಯೂ ಅವರು ದುಡಿದರು. ಕಾಡಿನ ಜೋಪಡಿಗಳಲ್ಲಿ ಮಸಿ ಬಳಿದುಕೊಂಡು ಬದುಕುತ್ತಿದ್ದ ಈ ಜನ ಮೂರು ವರ್ಷ ಯುದ್ಧ ಮಾಡಿ ಪಳಗಿದವರೆಂಬುದನ್ನು ವಿಷಿಯ ಅಧಿಕಾರಿಗಳು ತಡವಾಗಿ ಗಮನಿಸಿದರು. 1943ರ ಫೆಬ್ರವರಿ 16ರ ಕಾನೂನು ಫ್ರೆಂಚ್ ಯುವಕರನ್ನೇ ಜರ್ಮನಿಯ ಕಾರ್ಖಾನೆಗಳಿಗೆ ಕಳಿಸಲು ಹೊರಟಾಗ, ತಪ್ಪಿಸಿಕೊಂಡು ಕಾಡು ಸೇರಿದ ಹುಡುಗರಿಗೆ ಬಂದೂಕು ಹಿಡಿಯಲು ಕಲಿಸಿದವರಲ್ಲಿ ಈ ಇದ್ದಿಲಿನವರೂ ಇದ್ದರು.

ಪ್ರಶ್ನೆ: ಗೋಡೋ ನಾಟಕದ ಕರ್ತೃ ಸ್ಯಾಮ್ಯುಯೆಲ್ ಬೆಕೆಟ್ ಯುದ್ಧಕಾಲದಲ್ಲಿ ಫ್ರಾನ್ಸಿನ ಹಳ್ಳಿಯೊಂದರಲ್ಲಿ ಕೂಲಿ ಮಾಡಿದ್ದರೆಂದು ಕೇಳಿದ್ದೇನೆ. ನಿಜವೇ? (ಮೈಸೂರಿನ ಒಬ್ಬ ರಂಗಕರ್ಮಿ)

ಉತ್ತರ: ನಿಜ. ಐರ್ಲೆಂಡಿನವರಾದ ಬೆಕೆಟ್ ಪ್ಯಾರಿಸಿನಲ್ಲಿ ಒಂದು ರಹಸ್ಯ ಪ್ರತಿರೋಧ ತಂಡಕ್ಕೆ ನೆರವಾಗುತ್ತಿದ್ದರು. 1942ರ ಆಗಸ್ಟಿನಲ್ಲಿ ಆ ತಂಡಕ್ಕೆ ದ್ರೋಹವಾಗಿ ಗೆಳೆಯರು ಬಂಧಿತರಾದಾಗ, ಸಂಗಾತಿ ಸುಜಾನ್ ಜೊತೆಗೆ ತಲೆಮರೆಸಿಕೊಂಡು ದಕ್ಷಿಣದ ವೊಕ್ಲೂಸ್ ಜಿಲ್ಲೆಯ ರೂಸಿಯೋಂ ಎಂಬ ಕೆಮ್ಮಣ್ಣಿನ ಗುಡ್ಡದ ಹಳ್ಳಿಗೆ ಬಂದು ಸೇರಿದರು. ಅಲ್ಲಿ ರೈತರ ಹೊಲದಲ್ಲಿ, ದ್ರಾಕ್ಷಿತೋಟದಲ್ಲಿ ದುಡಿದು, ಅದಕ್ಕೆ ಬದಲಾಗಿ ಆಹಾರ ಮತ್ತು ವೈನ್ ಪಡೆದು ಬದುಕಿದರು. ರಾತ್ರಿಯ ವೇಳೆ ಬರೆಯುತ್ತಿದ್ದರು. ನಾಟಕದ ಫ್ರೆಂಚ್ ಮೂಲದಲ್ಲಿ ಆ ಹಳ್ಳಿಯ ಹೆಸರೂ, ಇಬ್ಬರು ಅಲೆಮಾರಿಗಳು ಹಿಂದೊಮ್ಮೆ ದ್ರಾಕ್ಷಿ ಕೊಯ್ದ ತೋಟದ ಒಡೆಯನ ಹೆಸರೂ ಬರುತ್ತವೆ. ಬೆಕೆಟ್ ತಾವೇ ಮಾಡಿದ ಇಂಗ್ಲಿಷ್ ಅನುವಾದದಲ್ಲಿ ಅವು ಉಳಿಯಲಿಲ್ಲವಾದ್ದರಿಂದ, ಇಂಗ್ಲಿಷಿನ ಮೂಲಕ ನಾಟಕವನ್ನು ಬಲ್ಲ ನಮ್ಮಲ್ಲಿ ಹೆಚ್ಚಿನವರ ಕಣ್ಣಿಗೆ ಅವು ಬಿದ್ದಿಲ್ಲ.

ಆದರೆ ಬೆಕೆಟ್ ಅವರನ್ನು ಮೇಲೆ ಹೇಳಿದ ಗುಂಪುಗಳ ಆಳುಗಳೊಂದಿಗೆ ಸಮೀಕರಿಸಬಾರದು. ಅವರು ತಟಸ್ಥ ದೇಶವೊಂದರ ಪ್ರಜೆಯಾಗಿದ್ದರು, ಯಾವ ಗುಂಪಿನ ಪಟ್ಟಿಯಲ್ಲಿಯೂ ದಾಖಲಾಗದೆ ತಾವೇ ಒಪ್ಪಿಕೊಂಡ ಕೂಲಿಯನ್ನು ಮಾಡಿದರು. ಪಟ್ಟಿಯಲ್ಲಿ ಹೆಸರಿಲ್ಲದಿರುವುದು ಆಗ ಎಷ್ಟು ದೊಡ್ಡ ಅದೃಷ್ಟವಾಗಿತ್ತೆಂಬುದು ಮುಂದಿನ ಉತ್ತರದಲ್ಲಿ ತಿಳಿಯುತ್ತದೆ.

ಪ್ರಶ್ನೆ: ಈ ಕೂಲಿಗಳಲ್ಲಿ ಯಹೂದಿಗಳೂ ಇದ್ದರಷ್ಟೆ? ಹಳ್ಳಿಯಲ್ಲಿ ದುಡಿಯುತ್ತಿದ್ದವರು ನಾತ್ಸಿಗಳ ಕೈಯಿಂದ ಪಾರಾದರೇ? (ಬೆಂಗಳೂರಿನ ಒಬ್ಬ ಓದುಗರು)

ಉತ್ತರ: ಇದ್ದರು. ಹಿಟ್ಲರನ ಜರ್ಮನಿ, ಆಸ್ಟ್ರಿಯಾ, ಪೋಲೆಂಡ್ ಮೊದಲಾದ ಕಡೆಗಳಿಂದ ಓಡಿಬಂದ ಯಹೂದಿ ಗಂಡಸರನ್ನೂ ಇದೇ ಕಾನೂನಿನಡಿ ಗುಂಪುಗಳಿಗೆ ಸೇರಿಸಲಾಗಿತ್ತು. ಕೆಲವೆಡೆ ಅವರನ್ನು ಉಳಿದವರಿಂದ ಬೇರ್ಪಡಿಸಿ ಪ್ರತ್ಯೇಕ ಗುಂಪುಗಳನ್ನೂ ಮಾಡಿದ್ದರು. 1940ರ ಅಕ್ಟೋಬರ್ 4ರ ಮತ್ತೊಂದು ಕಾನೂನು ವಿದೇಶಿ ಯಹೂದಿಗಳನ್ನು ಶಿಬಿರಗಳಲ್ಲಿ ಬಂಧಿಸಿಡುವ ಅಧಿಕಾರವನ್ನು ಜಿಲ್ಲಾಧಿಕಾರಿಗಳಿಗೆ ಕೊಟ್ಟಿತ್ತು. ಆ ತಿಂಗಳ ಕೊನೆಯ ಭಾಗದಲ್ಲಿ ಜರ್ಮನಿಯ ಬಾಡೆನ್ ಮತ್ತು ಪ್ಯಾಲಟಿನೇಟ್ ಸೀಮೆಗಳಿಂದ ಸುಮಾರು 6,500 ಯಹೂದಿಗಳನ್ನು ರೈಲುಗಳಲ್ಲಿ ತುಂಬಿ ತಂದು ಗುರ್ಸ್ ಶಿಬಿರದಲ್ಲಿ ಇಳಿಸಿದರು. ಅವರಲ್ಲಿ ದುಡಿಯಬಲ್ಲ ಗಂಡಸಿಗೆ ಕೂಲಿಯ ಗುಂಪೆಂದರೆ ಹೊರಗಿನ ಗಾಳಿ, ಹೊಟ್ಟೆಗೆ ಊಟ.

ಆದರೆ ಗುಂಪಿಗೆ ಸೇರುವುದೆಂದರೆ ಹೆಸರು, ಹುಟ್ಟಿದ ಊರು, ಫ್ರಾನ್ಸಿಗೆ ಬಂದ ದಿನಾಂಕ, ಈಗಿರುವ ಹೊಲದ ವಿಳಾಸ ಇವೆಲ್ಲವೂ ಸರ್ಕಾರಿ ಕಡತದಲ್ಲಿ ದಾಖಲಾಗುವುದೂ ಆಗಿತ್ತು. 1942ರ ಬೇಸಿಗೆಯಲ್ಲಿ ವಿಷಿ ಸರ್ಕಾರವು ತನ್ನ ಆಡಳಿತದ ಪ್ರದೇಶದಲ್ಲಿರುವ ವಿದೇಶಿ ಯಹೂದಿಗಳನ್ನು ಜರ್ಮನರಿಗೆ ಒಪ್ಪಿಸಲು ಸಮ್ಮತಿಸಿತು. 1936ರ ಜನವರಿ 1ರ ನಂತರ ದೇಶಕ್ಕೆ ಬಂದವರು ಇದಕ್ಕೆ ಗುರಿಯಾಗಬೇಕಿತ್ತು. ಹುಡುಕುವ ಶ್ರಮವೇ ಬೀಳಲಿಲ್ಲ, ಗುಂಪುಗಳ ಪಟ್ಟಿ ಸಿದ್ಧವಾಗಿಯೇ ಇತ್ತು. ಆಗಸ್ಟ್ ತಿಂಗಳ ಆರಂಭದಿಂದಲೇ ಶಿಬಿರ ಮತ್ತು ಗುಂಪುಗಳಿಂದ ಜನರನ್ನು ಸಾಗಿಸಲಾಯಿತು, ಆಗಸ್ಟ್ 26ರ ನಸುಕಿನಲ್ಲಿ ದಕ್ಷಿಣದ ಜಿಲ್ಲೆಗಳಲ್ಲೆಲ್ಲ ಏಕಕಾಲಕ್ಕೆ ಬೇಟೆ ನಡೆಯಿತು. ಬಾಗಿಲು ಬಡಿದವರು ಜರ್ಮನ್ ಸೈನಿಕರಲ್ಲ, ಆಗಿನ್ನೂ ಆ ಭಾಗದಲ್ಲಿ ಜರ್ಮನ್ ಸೈನ್ಯವೇ ಇರಲಿಲ್ಲ. ಫ್ರೆಂಚ್ ಪೊಲೀಸರು, ಹಳ್ಳಿಗರಿಗೆ ಮುಖಪರಿಚಯವಿದ್ದ ಠಾಣೆಯವರು. ಆ ಬೇಸಿಗೆಯಲ್ಲಿ ಹೀಗೆ ಒಪ್ಪಿಸಲಾದವರು ಸುಮಾರು 10,000 ಜನ. ಪ್ಯಾರಿಸ್ ಬಳಿಯ ದ್ರಾಂಸಿ ಶಿಬಿರದ ಮೂಲಕ ಅವರಲ್ಲಿ ಬಹುತೇಕರನ್ನು ಆಷ್‌ವಿಟ್ಸ್ ಎಂಬ ನಾತ್ಸಿ ಸಾವಿನ ಶಿಬಿರಕ್ಕೆ ಸಾಗಿಸಲಾಯಿತು. ಯಾವ ಕಾನೂನು ನಿರಾಶ್ರಿತನಿಗೆ ಹೊಲದ ಮನೆಯ ಊಟವನ್ನು ಕೊಟ್ಟಿತೋ ಅದೇ ಕಾನೂನಿನ ಕಡತ ಅವನ ಮನೆಬಾಗಿಲನ್ನು ತೋರಿಸಿಕೊಟ್ಟಿತು. ಈ ಇಡೀ ವಿಷಯದಲ್ಲಿ ನಾನು ಅತಿ ಮುಖ್ಯವೆಂದು ತಿಳಿದಿರುವುದು ಇದನ್ನೇ.

ಪಾರಾದವರೂ ಇದ್ದಾರೆ. ಪೊಲೀಸರು ಬರುವ ಸುದ್ದಿಯನ್ನು ಹಿಂದಿನ ರಾತ್ರಿಯೇ ತಿಳಿಸಿದ ಠಾಣೆಯವರು, ಹುಲ್ಲಿನ ಅಟ್ಟದಲ್ಲಿ ಬಚ್ಚಿಟ್ಟ ರೈತರು, ಸುಳ್ಳು ಗುರುತಿನ ಚೀಟಿ ಬರೆದುಕೊಟ್ಟ ಹಳ್ಳಿಯ ಕಚೇರಿಯ ಗುಮಾಸ್ತರು ಇದ್ದರು. ತುಲೂಸಿನ ಆರ್ಚ್‌ಬಿಷಪ್ ಸಾಲಿಯೇಜ್ ಅವರು ಬರೆದ ಖಂಡನಾ ಪತ್ರವನ್ನು ಸರ್ಕಾರದ ತಡೆಯನ್ನು ಲೆಕ್ಕಿಸದೆ 1942ರ ಆಗಸ್ಟ್ 23ರ ಭಾನುವಾರ ಹಲವು ಚರ್ಚುಗಳಲ್ಲಿ ಓದಲಾಯಿತು. ಒತ್-ಲ್ವಾರ್ ಜಿಲ್ಲೆಯ ಲ ಷಾಂಬೋಂ ಎಂಬ ಪ್ರೊಟೆಸ್ಟೆಂಟ್ ಹಳ್ಳಿಯು ಪಾದ್ರಿ ಆಂದ್ರೆ ತ್ರೋಕ್ಮೆ ಅವರ ಮುಂದಾಳುತನದಲ್ಲಿ ಸುತ್ತಲಿನ ತೋಟದ ಮನೆಗಳೊಂದಿಗೆ ಸೇರಿ ಬಹು ಜನರಿಗೆ ಆಸರೆ ನೀಡಿತು. ಆದರೆ ಇಂಥ ಒಂದು ಹಳ್ಳಿಯ ಕಥೆಯನ್ನು ಮುಂದಿಟ್ಟುಕೊಂಡು ಎಲ್ಲ ಹಳ್ಳಿಗಳೂ ಹೀಗೆಯೇ ಇದ್ದವೆಂದು ಭಾವಿಸುವುದು ಸರಿಯಲ್ಲ. ತನ್ನ ಆಳನ್ನು ಕರೆದೊಯ್ದರೆ ಕೊಯ್ಲಿನ ಗತಿಯೇನೆಂದು ಮಾತ್ರ ಚಿಂತಿಸಿದ ರೈತನೂ ಇದ್ದ, ದೂರು ಬರೆದುಕೊಟ್ಟ ನೆರೆಯವನೂ ಇದ್ದ.

ಪ್ರಶ್ನೆ: ನಿರಾಶ್ರಿತ ಹೆಂಗಸರ ಗತಿ ಏನಾಯಿತು? (ಕಲಬುರಗಿಯ ಒಬ್ಬ ದಾದಿ)

ಉತ್ತರ: ಗುಂಪುಗಳ ಕಾನೂನು ಗಂಡಸರಿಗೆ ಮಾತ್ರ ಅನ್ವಯಿಸುತ್ತಿತ್ತು. ಹೆಂಗಸರು ಬಟ್ಟೆ ಒಗೆಯುವುದು, ಹೊಲಿಗೆ, ಮನೆಗೆಲಸ, ದ್ರಾಕ್ಷಿ ಕೊಯ್ಲು ಹೀಗೆ ಸಿಕ್ಕಿದ್ದನ್ನು ಮಾಡಿ ಬದುಕಿದರು. ಹಾಗಾಗಿ ಅವರ ದುಡಿಮೆ ಕಡತಗಳಲ್ಲಿ ಕಾಣಸಿಗುವುದು ಕಡಿಮೆ. ನಿಮ್ಮ ವೃತ್ತಿಗೆ ಹತ್ತಿರವಾದ ಒಂದು ಸಂಗತಿಯನ್ನು ಹೇಳಲೇಬೇಕು. ಕಡಲತೀರದ ಶಿಬಿರಗಳಲ್ಲಿ ಹುಟ್ಟಿದ ಕೂಸುಗಳು ಉಳಿಯುತ್ತಿದ್ದುದು ಅಪರೂಪವಾಗಿತ್ತು. ಎಲಿಸಬೆತ್ ಐಡೆನ್‌ಬೆಂಟ್ಸ್ ಎಂಬ ಸ್ವಿಟ್ಜರ್ಲೆಂಡಿನ ತರುಣ ಶಿಕ್ಷಕಿ 1939ರ ಕೊನೆಯಲ್ಲಿ ಎಲ್ನ್ ಎಂಬ ಊರಿನ ಹೊರಗೆ ಪಾಳುಬಿದ್ದಿದ್ದ ದೊಡ್ಡ ಮನೆಯೊಂದನ್ನು ದುರಸ್ತಿ ಮಾಡಿಸಿ ಹೆರಿಗೆಮನೆ ತೆರೆದರು. ಶಿಬಿರಗಳಿಂದ ತುಂಬು ಗರ್ಭಿಣಿಯರನ್ನು ಕರೆತಂದು ಬಾಣಂತನ ಮಾಡಿ ಕಳಿಸುತ್ತಿದ್ದರು. 1944ರ ವಸಂತದಲ್ಲಿ ಜರ್ಮನರು ಅದನ್ನು ಮುಚ್ಚಿಸುವವರೆಗೆ ಅಲ್ಲಿ 597 ಮಕ್ಕಳು ಹುಟ್ಟಿದರು. ಮೊದಲು ಹೆಚ್ಚಾಗಿ ಸ್ಪೇನಿನವರ ಮಕ್ಕಳು, ಆಮೇಲೆ ಯಹೂದಿ ಮತ್ತು ಜಿಪ್ಸಿ ತಾಯಂದಿರ ಮಕ್ಕಳೂ.

ಪ್ರಶ್ನೆ: ಆ ಕಾಲದಲ್ಲಿ ಫ್ರಾನ್ಸಿನ ಹಳ್ಳಿಗಳಲ್ಲಿ ಏಷ್ಯಾದವರು, ವಿಶೇಷವಾಗಿ ಭಾರತೀಯರು, ಇದ್ದರೇ? (ಮಡಿಕೇರಿಯ ಒಬ್ಬ ಮಾಜಿ ಸೈನಿಕರು)

ಉತ್ತರ: ನಿರಾಶ್ರಿತರಾಗಿ ಅಲ್ಲ. ವಿಯೆಟ್ನಾಮಿನಿಂದ, ಅಂದಿನ ಫ್ರೆಂಚ್ ಇಂಡೋಚೀನಾದಿಂದ, ಸುಮಾರು 20,000 ಜನರನ್ನು 1939-40ರಲ್ಲಿ ಹೆಚ್ಚಾಗಿ ಬಲವಂತದಿಂದಲೇ ಕರೆತಂದು ಮದ್ದುಗುಂಡಿನ ಕಾರ್ಖಾನೆಗಳಲ್ಲಿ ದುಡಿಸಿದರು. ಫ್ರಾನ್ಸ್ ಸೋತ ಮೇಲೆ ಅವರನ್ನು ಊರಿಗೆ ಕಳಿಸಲು ಹಡಗಿಲ್ಲದೆ ಉಪ್ಪಿನ ಗದ್ದೆ, ಕಾಡು, ಹೊಲಗಳ ಕೆಲಸಕ್ಕೆ ಹಂಚಿದರು. ರೋನ್ ನದಿಯ ಮುಖಜಭೂಮಿಯಾದ ಕಮಾರ್ಗ್‌ನಲ್ಲಿ ಇಂದು ಹೆಸರಾಗಿರುವ ಭತ್ತದ ಬೇಸಾಯವನ್ನು 1940ರ ದಶಕದ ಆರಂಭದಲ್ಲಿ ಮತ್ತೆ ನೆಲೆಗೊಳಿಸಿದ್ದು ಈ ಜನರ ಕೈಗಳೇ.

ಭಾರತೀಯರು ಇದ್ದುದು ಸೈನಿಕರಾಗಿ. ಹೇಸರಗತ್ತೆಗಳ ಸಾಗಣೆಗೆಂದು 1939-40ರಲ್ಲಿ ಫ್ರಾನ್ಸಿಗೆ ಹೋದ ಭಾರತೀಯ ಸೇನೆಯ ತುಕಡಿಗಳಲ್ಲೊಂದು ಸೆರೆಸಿಕ್ಕಿತು. ಆಮೇಲೆ ಬೇರೆ ರಣಾಂಗಣಗಳಲ್ಲಿ ಸೆರೆಯಾದ ಭಾರತೀಯರನ್ನೂ ಪೂರ್ವ ಫ್ರಾನ್ಸಿನ ಎಪಿನಾಲ್ ಪಟ್ಟಣದಲ್ಲಿ ಇರಿಸಲಾಯಿತು. 1944ರ ಮೇ 11ರಂದು ಅಮೆರಿಕದ ಬಾಂಬು ದಾಳಿಯಲ್ಲಿ ಆ ಸೆರೆಮನೆಯ ಗೋಡೆ ಒಡೆದಾಗ ತಪ್ಪಿಸಿಕೊಂಡವರಲ್ಲಿ ಸುಮಾರು 500 ಜನ ದಾರಿಯ ಹಳ್ಳಿಗರ ನೆರವಿನಿಂದ ಸ್ವಿಟ್ಜರ್ಲೆಂಡ್ ತಲುಪಿದರು.

ಪ್ರಶ್ನೆ: ಯುದ್ಧ ಮುಗಿದ ಮೇಲೆ ಸ್ಪೇನಿನ ಕೂಲಿಗಳು ತಮ್ಮ ದೇಶಕ್ಕೆ ಮರಳಿದರೇ? (ಉಡುಪಿಯ ಒಬ್ಬ ಓದುಗರು)

ಉತ್ತರ: ಮರಳುವ ಮಾತಿಗೆ ಮುಂಚೆ ಬದುಕಿ ಉಳಿಯದವರ ವಿಷಯವನ್ನು ಹೇಳಬೇಕು. 1940ರಲ್ಲಿ ಕಾರ್ಮಿಕ ಕಂಪನಿಗಳಲ್ಲಿದ್ದು ಜರ್ಮನರಿಗೆ ಸಿಕ್ಕಿಬಿದ್ದ ಸ್ಪೇನಿನವರನ್ನು ಫ್ರಾಂಕೋನ ಸರ್ಕಾರ ತನ್ನವರೆಂದು ಒಪ್ಪದ ಕಾರಣ, 7,000ಕ್ಕೂ ಹೆಚ್ಚು ಜನರನ್ನು ಆಸ್ಟ್ರಿಯಾದ ಮೌಟ್‌ಹೌಸೆನ್ ಯಾತನಾ ಶಿಬಿರಕ್ಕೆ ಒಯ್ದರು; ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅಲ್ಲಿಯ ಕಲ್ಲುಗಣಿಗಳಲ್ಲಿ ಸತ್ತರು. ಇನ್ನೂ ಎಷ್ಟೋ ಜನರನ್ನು ವಿಷಿಯ ಗುಂಪುಗಳಿಂದ ಎಳೆದೊಯ್ದು ಅಟ್ಲಾಂಟಿಕ್ ಕರಾವಳಿಯಲ್ಲಿ ಜರ್ಮನರ ಕಾಂಕ್ರೀಟ್ ಕೋಟೆ ಕಟ್ಟಲು ಹಚ್ಚಿದರು. 1944ರ ಜೂನ್ 10ರಂದು ಜರ್ಮನ್ ಎಸ್‌ಎಸ್ ಪಡೆಯು ಒರಾದೂರ್-ಸುರ್-ಗ್ಲಾನ್ ಹಳ್ಳಿಯನ್ನು ಸುಟ್ಟು ಜನರನ್ನು ಕೊಂದಾಗ ಅಲ್ಲಿ ಆಶ್ರಯ ಪಡೆದಿದ್ದ ಸ್ಪೇನಿನ ಕುಟುಂಬಗಳೂ ಸತ್ತವು. ಬಹುಕಾಲ 642 ಎಂದಿದ್ದ ಸತ್ತವರ ಸಂಖ್ಯೆ ಇತ್ತೀಚಿನ ವರ್ಷಗಳಲ್ಲಿ 643 ಆಗಿದೆ, ಏಕೆಂದರೆ ಲೆಕ್ಕದಿಂದ ಬಿಟ್ಟುಹೋಗಿದ್ದ ಒಬ್ಬ ಸ್ಪೇನಿನ ಹೆಂಗಸಿನ ಹೆಸರು ಸಂಶೋಧನೆಯಿಂದ ಪತ್ತೆಯಾಯಿತು.

ಉಳಿದವರಲ್ಲಿ ಹೆಚ್ಚಿನವರು ಮರಳಲಿಲ್ಲ. ಹಿಟ್ಲರನ ನಂತರ ಫ್ರಾಂಕೋನ ಸರದಿಯೆಂದು ನಂಬಿ 1944ರ ಅಕ್ಟೋಬರಿನಲ್ಲಿ ಕೆಲವು ಸಾವಿರ ಜನ ಶಸ್ತ್ರ ಹಿಡಿದು ಪಿರೆನೀಸಿನ ಅರಾನ್ ಕಣಿವೆಗೆ ನುಗ್ಗಿದರು, ಕೆಲವೇ ದಿನಗಳಲ್ಲಿ ಸೋತು ಹಿಂದಿರುಗಿದರು. ಫ್ರಾಂಕೋ 1975ರವರೆಗೆ ಆಳಿದ. ಅಷ್ಟರಲ್ಲಿ ಇವರು ತುಲೂಸ್ ಸುತ್ತಲಿನ ಊರುಗಳಲ್ಲಿ ಗಾರೆಯವರಾಗಿ, ದ್ರಾಕ್ಷಿತೋಟದ ಆಳುಗಳಾಗಿ, ಆಮೇಲೆ ಸಣ್ಣ ಹಿಡುವಳಿದಾರರಾಗಿ ನೆಲೆನಿಂತಿದ್ದರು. ನಿಮ್ಮ ಕಡೆಯವರು ಯಾರಾದರೂ ಆ ಭಾಗಕ್ಕೆ ಹೋಗುವುದಿದ್ದರೆ, ಇಂಥ ನಿರಾಶ್ರಿತರನ್ನು ಕೂಡಿಹಾಕಿದ್ದ, ಪೆರ್ಪಿನ್ಯಾಂ ಸಮೀಪದ ರಿವ್‌ಸಾಲ್ತ್ ಶಿಬಿರದ ಜಾಗದಲ್ಲಿ 2015ರಲ್ಲಿ ತೆರೆದ ಸ್ಮಾರಕವನ್ನು ನೋಡಲು ಹೇಳಿ. ನೆಲಮಟ್ಟದಲ್ಲಿ ಹುದುಗಿದಂತಿರುವ ಆ ಕಟ್ಟಡದ ಸುತ್ತ ಹಳೆಯ ಬ್ಯಾರಕ್ಕುಗಳು ಇನ್ನೂ ಪಾಳುಬಿದ್ದು ನಿಂತಿವೆ.